ಜೊಳ್ಳು ಗಂಡಿನ ಲೆಕ್ಕ: ಹತ್ತಿಯ ಗುಲಾಬಿ ಹುಳಕ್ಕೆ ಒಗ್ಗುವ ಉಪಾಯ ತೊಗರಿ ಕೀಡಿಗೆ ಯಾಕೆ ಒಗ್ಗುವುದಿಲ್ಲ

ನವೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆಯ ಹತ್ತಿ ಹೊಲಕ್ಕಿಳಿದು, ಮೇಲಿಂದ ಚೊಕ್ಕ ಕಾಣುವ ಇಪ್ಪತ್ತು ಹಸಿ ಕಾಯಿ ಕಿತ್ತು ಒಡೆದು ನೋಡಿ. ಕೆಲವು ಕಾಯಿಗಳ ಒಳಗೋಡೆಗೆ ಸಣ್ಣ ಗಂಟು ಕಟ್ಟಿರುತ್ತದೆ, ಅರಳೆಗೆ ಕಂದು ಕಲೆ ಹತ್ತಿರುತ್ತದೆ, ಬೀಜದೊಳಗೆ ಗುಲಾಬಿ ಪಟ್ಟಿಯ ಹುಳ ಮಲಗಿರುತ್ತದೆ. ಹೊರಗೆ ಮಾತ್ರ ತೂತಿನ ಗುರುತಿಲ್ಲ. ಮೊಟ್ಟೆ ಒಡೆದು ಬಂದ ಮರಿ ಹೊರಗೆ ಹೆಚ್ಚು ಹೊತ್ತು ಅಡ್ಡಾಡುವುದಿಲ್ಲ, ಬೇಗನೆ ಕಾಯಿ ಹೊಕ್ಕುಬಿಡುತ್ತದೆ. ಕಾಯಿ ಬೆಳೆದಂತೆ ಆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಂಥ ಎಣ್ಣಿ (ಕೀಟನಾಶಕ) ಹೊಡೆದರೂ ಒಳಗಿರುವ ಹುಳಕ್ಕೆ ತಾಗುವುದಿಲ್ಲ.

ಹುಳ ಕೈಗೆ ಸಿಗದಿದ್ದರೆ ಅದನ್ನು ಹುಟ್ಟಿಸುವ ಪತಂಗದ ಸಂಸಾರವನ್ನೇ ಕೆಡಿಸುವುದು ಇನ್ನೊಂದು ದಾರಿ. ಅದೇ ಜಾತಿಯ ಪತಂಗವನ್ನು ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ಬೆಳೆಸಿ, ವಿಕಿರಣ ತಾಗಿಸಿ ಬೀಜ ಕೆಡಿಸಿ, ಹೊಲದ ಮೇಲೆ ಬಿಡುವುದು. ಹೊಲದ ಹೆಣ್ಣು ಆ ಗಂಡಿನ ಜೊತೆ ಕೂಡುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಆದರೆ ಮೊಟ್ಟೆ ಒಡೆದು ಮರಿ ಬರುವುದಿಲ್ಲ. ಇಂಥ ಗಂಡನ್ನು ನಪುಂಸಕ ಎನ್ನುವುದು ತಪ್ಪು. ಕೂಡುವುದರಲ್ಲಿ ಅದು ಹಿಂದೆ ಬಿದ್ದರೆ ಇಡೀ ಕೆಲಸವೇ ಕೆಟ್ಟಿತು. ಜೋಳ ರಾಶಿ ಮಾಡುವವರ ಮಾತೇ ಇದಕ್ಕೆ ಸರಿಹೊಂದುತ್ತದೆ: ಜೊಳ್ಳು. ನೋಡಲು ತೆನೆಯೇ, ಒಳಗೆ ಕಾಳಿಲ್ಲ. ಇಲ್ಲಿ ಅದನ್ನು ಜೊಳ್ಳು ಗಂಡು ಎಂದೇ ಕರೆಯೋಣ.

ಎಣ್ಣಿಯ ಲೆಕ್ಕ, ಜೊಳ್ಳಿನ ಲೆಕ್ಕ

ಇದೆಲ್ಲ ನಿಂತಿರುವುದು ಒಂದು ಲೆಕ್ಕದ ಮೇಲೆ. ಅದನ್ನು ಕೈಯಿಂದಲೇ ಮಾಡಿ ನೋಡಬಹುದು. ಒಂದು ಹೊಲದಲ್ಲಿ 1000 ಹೆಣ್ಣು, 1000 ಗಂಡು ಪತಂಗ ಇವೆ ಎನ್ನಿ. ಸತ್ತದ್ದು, ಹಕ್ಕಿ ತಿಂದದ್ದು ಎಲ್ಲ ಕಳೆದು ಒಂದು ಹೆಣ್ಣಿನಿಂದ ಮುಂದಿನ ಪೀಳಿಗೆಗೆ 5 ಹೆಣ್ಣು ಉಳಿಯುತ್ತವೆ. ಸುಮ್ಮನಿದ್ದರೆ 1000 ಇದ್ದದ್ದು 5000 ಆಗುತ್ತದೆ.

ನೂರಕ್ಕೆ ತೊಂಬತ್ತು ಸಾಯಿಸುವ ಎಣ್ಣಿ ಹೊಡೆದರೆ 100 ಹೆಣ್ಣು ಉಳಿದು, ಅವು ಐದು ಪಟ್ಟು ಬೆಳೆದು 500 ಆಗುತ್ತವೆ. ಮುಂದಿನ ಪೀಳಿಗೆಗೆ 250, ಆಮೇಲೆ 125, ಆಮೇಲೆ 62. ಪ್ರತಿ ಸಲವೂ ಅರ್ಧ. ಖರ್ಚು ಅಷ್ಟೇ ಇರುತ್ತದೆ, ಸಾಯುವ ಹುಳದ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಕೊನೆಯ ಹುಳದ ತನಕ ಹೋಗಲು ಆಗುವುದೇ ಇಲ್ಲ.

ಈಗ ಎಣ್ಣಿ ಬಿಟ್ಟು, ಪ್ರತಿ ಪೀಳಿಗೆಗೆ 9000 ಜೊಳ್ಳು ಗಂಡು ಬಿಡಿ. ಮೊದಲ ಪೀಳಿಗೆಯಲ್ಲಿ ಹತ್ತು ಗಂಡಿಗೆ ಒಂದೇ ಗಟ್ಟಿ. ಹಾಗಾಗಿ 100 ಹೆಣ್ಣಿಗೆ ಮಾತ್ರ ಮರಿಯಾಗುವ ಮೊಟ್ಟೆ, ಮುಂದಕ್ಕೆ 500. ಇಲ್ಲಿಯವರೆಗೆ ಎಣ್ಣಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಎರಡನೇ ಸಲ ಹೊಲದ ಗಂಡು 500, ಬಿಟ್ಟದ್ದು ಅದೇ 9000. ಒಂದಕ್ಕೆ ಹದಿನೆಂಟು. 26 ಹೆಣ್ಣಿಗೆ ಮಾತ್ರ ಗಟ್ಟಿ ಗಂಡು ಸಿಕ್ಕಿ, ಮುಂದಕ್ಕೆ 131. ಮೂರನೇ ಸಲ 131ಕ್ಕೆ 9000, ಹೆಚ್ಚುಕಡಿಮೆ ಎರಡೇ ಹೆಣ್ಣು ಉಳಿದು, ಮುಂದಕ್ಕೆ 9. ನಾಲ್ಕನೇ ಸಲ 9 ಗಂಡಿನ ಎದುರು 9000, ಅಲ್ಲಿಗೆ ಮುಗಿಯಿತು. ಹುಳ ಕಡಿಮೆಯಾದಷ್ಟೂ ಎಣ್ಣಿ ಸೋಲುತ್ತದೆ, ಜೊಳ್ಳು ಗೆಲ್ಲುತ್ತದೆ.

ಈ ಲೆಕ್ಕ ಹಾಕಿದವರು ಅಮೆರಿಕದ ಕೃಷಿ ಇಲಾಖೆಯ ಕೀಟ ವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್. ಅವರ ಕಣ್ಣಿದ್ದದ್ದು ದನಗಳ ಗಾಯದಲ್ಲಿ ಮೊಟ್ಟೆಯಿಟ್ಟು, ಜೀವಂತ ಮಾಂಸವನ್ನೇ ತಿನ್ನುವ ಹುಳ ಬೀಳಿಸುವ ಒಂದು ನೊಣದ ಮೇಲೆ. ಎಕ್ಸ್‌ರೇ ತಾಗಿದರೆ ನೊಣದ ವಂಶವಾಹಿ ಕೆಡುತ್ತದೆ ಎಂದು ಹರ್ಮನ್ ಮುಲ್ಲರ್ 1920ರ ದಶಕದಲ್ಲೇ ತೋರಿಸಿದ್ದರು. ನಿಪ್ಲಿಂಗ್ ಜೊತೆಗಾರ ರೇಮಂಡ್ ಬುಷ್‌ಲ್ಯಾಂಡ್ ಸೇನಾ ಆಸ್ಪತ್ರೆಯ ಎಕ್ಸ್‌ರೇ ಯಂತ್ರದಲ್ಲಿ ನೊಣದ ಕೋಶಗಳನ್ನು (ಪ್ಯೂಪಾ) ಇಟ್ಟು ಪರೀಕ್ಷಿಸಿದರು. 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಾಸಾವ್ ದ್ವೀಪದಲ್ಲಿ ಕೆಲವೇ ತಿಂಗಳಲ್ಲಿ ಆ ನೊಣ ಇಲ್ಲವಾಯಿತು. ಆಮೇಲೆ ಫ್ಲೋರಿಡಾ, ಟೆಕ್ಸಸ್, ಮೆಕ್ಸಿಕೊ ಎಂದು ದಕ್ಷಿಣಕ್ಕೆ ತಳ್ಳುತ್ತ ಪನಾಮಾದ ಕಿರಿದಾದ ಭೂಪಟ್ಟಿಯವರೆಗೆ ಅಟ್ಟಿದರು. ಅಲ್ಲಿ ವಾರವಾರವೂ ಜೊಳ್ಳು ನೊಣ ಬಿಡುತ್ತ ಬೇಲಿ ಕಾಯ್ದರು. 1988ರಲ್ಲಿ ಅದೇ ನೊಣ ಲಿಬಿಯಾಕ್ಕೆ ನುಗ್ಗಿದಾಗ ಮೆಕ್ಸಿಕೊದ ಕಾರ್ಖಾನೆಯಿಂದ ವಿಮಾನದಲ್ಲಿ ಜೊಳ್ಳು ನೊಣ ತರಿಸಿ 1991ರ ಹೊತ್ತಿಗೆ ಮುಗಿಸಿದರು. ಆದರೆ 2023ರಿಂದ ಪನಾಮಾದ ಬೇಲಿ ಮುರಿದು, 2024ರ ನವೆಂಬರ್‌ನಲ್ಲಿ ಅದು ಮತ್ತೆ ಮೆಕ್ಸಿಕೊ ಮುಟ್ಟಿತು. ಬೇಲಿಯ ಆಚೆ ಹುಳ ಇರುವ ತನಕ ಕಾರ್ಖಾನೆಯ ಒಲೆ ಆರಿಸುವಂತಿಲ್ಲ.

ಲೆಕ್ಕ ತಪ್ಪುವ ಎರಡು ಜಾಗ

ಮೇಲಿನ ಲೆಕ್ಕದಲ್ಲಿ ಜೊಳ್ಳು ಗಂಡು ಹೊಲದ ಗಂಡಿಗೆ ಸರಿಸಮ ಎಂದು ಹಿಡಿದಿದ್ದೇವೆ. ನಿಜದಲ್ಲಿ ಹಾಗಿರುವುದಿಲ್ಲ. ಕಾರ್ಖಾನೆಯ ತಿನಿಸು ತಿಂದು, ಗಿಜಿಗುಡುವ ಪಂಜರದಲ್ಲಿ ಹತ್ತಾರು ಪೀಳಿಗೆ ಕಳೆದು, ವಿಕಿರಣದ ಪೆಟ್ಟು ತಿಂದು, ಐಸಿನಲ್ಲಿ ಪಯಣ ಮಾಡಿ ಬಂದ ಗಂಡು ಅದು. ನಾಲ್ಕು ಜೊಳ್ಳು ಸೇರಿದರೆ ಹೊಲದ ಒಂದು ಗಂಡಿಗೆ ಸಮ ಎನ್ನಿ. ಆಗ ನೀವು ಬಿಟ್ಟ 9000 ಕೆಲಸದ ಲೆಕ್ಕದಲ್ಲಿ 2250 ಮಾತ್ರ. ಮೊದಲ ಪೀಳಿಗೆಗೇ ಹುಳ 1000ದಿಂದ 1538ಕ್ಕೆ ಏರುತ್ತದೆ, ಎರಡನೆಯದಕ್ಕೆ 3000 ದಾಟುತ್ತದೆ. ಕಡಿಮೆ ಬಿಟ್ಟರೆ ಕಡಿಮೆ ಫಲ ಬರುತ್ತದೆ ಎನ್ನುವ ಹಾಗಿಲ್ಲ ಇದು. ಒಂದು ಗೆರೆಗಿಂತ ಕೆಳಗೆ ಬಿಟ್ಟರೆ ಫಲವೇ ಇಲ್ಲ, ದುಡ್ಡು ಗಾಳಿಗೆ ತೂರಿದಂತೆ.

ಎರಡನೆಯದು ಪಕ್ಕದ ಹೊಲ. ಆಚೆ ಹೊಲದಲ್ಲಿ ಈಗಾಗಲೇ ಕೂಡಿ ಬಂದ 200 ಹೆಣ್ಣು ನಿಮ್ಮ ಹೊಲದಲ್ಲಿ ಇಳಿದರೆ ನಿಮ್ಮ ಜೊಳ್ಳು ಗಂಡು ಏನೂ ಮಾಡಲಾರದು. 200 ಹೆಣ್ಣಿಗೆ ಐದರಂತೆ 1000. ನೀವು ಹೊರಟಲ್ಲಿಗೇ ವಾಪಸ್. ಹಾಗಾಗಿ ನಾಲ್ಕು ಎಕರೆಯ ರೈತ, ಎಷ್ಟೇ ದುಡ್ಡಿದ್ದರೂ, ತನ್ನ ಹೊಲಕ್ಕಷ್ಟೇ ಇದನ್ನು ಮಾಡಿಸಿಕೊಳ್ಳಲು ಬರುವುದಿಲ್ಲ. ತಾಲ್ಲೂಕಿಗೆ ತಾಲ್ಲೂಕೇ ಒಟ್ಟಾಗಬೇಕು, ಇಲ್ಲವೇ ಸುತ್ತ ಸಮುದ್ರವೋ ಮರುಭೂಮಿಯೋ ಇರಬೇಕು. ಮೊದಲ ಗೆಲುವುಗಳು ದ್ವೀಪಗಳಲ್ಲಿ ಬಂದದ್ದು ಅದಕ್ಕೇ.

ಕಾರ್ಖಾನೆಯೊಳಗೆ

ಕೆಲಸದ ಸರಣಿ ಹೀಗೆ. ಮರಿಗೆ ಕೃತಕ ತಿನಿಸು: ಗೋಧಿಯ ಮೊಳಕೆ ಭಾಗ, ಸಕ್ಕರೆ, ಯೀಸ್ಟ್, ಬೂಸ್ಟು ಬರದಂತೆ ತಡೆಯುವ ಔಷಧ, ಇವೆಲ್ಲ ಕೂಡಿಸಿ ಗಟ್ಟಿ ಮಾಡಿದ್ದು. ಇಲ್ಲಿ ಬರುವ ಮೊದಲ ಪೀಡೆ ರೋಗ. ಒಂದು ಟ್ರೇಗೆ ನಂಜಾಣು ಹತ್ತಿದರೆ ಕೋಣೆಗೆ ಕೋಣೆಯೇ ಸಾಯುತ್ತದೆ. ಅದಕ್ಕೇ ಕೆಲಸಗಾರರು ಮರಿ ಇರುವ ಕೋಣೆಯಿಂದ ಮೊಟ್ಟೆ ಇರುವ ಕೋಣೆಗೆ ಹಿಂದಿರುಗಿ ಹೋಗುವಂತಿಲ್ಲ.

ಮರಿ ಕೋಶವಾದ ಮೇಲೆ ವಿಕಿರಣ. ಹಣ್ಣಿನ ನೊಣಕ್ಕಾದರೆ ಕೋಶದಿಂದ ಹೊರಬರುವ ಒಂದೆರಡು ದಿನ ಮುಂಚೆ. ಬೇಗ ಕೊಟ್ಟರೆ ರೆಕ್ಕೆ, ಸ್ನಾಯು ಕೆಡುತ್ತವೆ. ತಡ ಮಾಡಿದರೆ ನೊಣ ಚೀಲದಲ್ಲೇ ಎದ್ದುಬಿಡುತ್ತದೆ. ಕೋಶಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸ್ವಲ್ಪ ಹೊತ್ತು ಬಿಡುತ್ತಾರೆ. ಉಸಿರಾಡಿ ಒಳಗಿನ ಆಮ್ಲಜನಕ ಮುಗಿದಿದ್ದರೆ ವಿಕಿರಣದ ಪೆಟ್ಟು ಮೈಗೆ ಕಡಿಮೆ ತಾಗುತ್ತದೆ, ಗಂಡು ಚುರುಕಾಗಿ ಉಳಿಯುತ್ತದೆ. ಗಂಟು ಸಡಿಲಾದ ಒಂದು ಚೀಲ ಸಾಕು, ಆ ತಂಡದ ಗುಣ ಬೇರೆಯೇ ಆಗುತ್ತದೆ.

ವಿಕಿರಣದ ಮೂಲ ಸಾಮಾನ್ಯವಾಗಿ ಕೋಬಾಲ್ಟ್-60. ನಮ್ಮ ದೇಶದಲ್ಲಿ ನವಿ ಮುಂಬೈಯ ಬ್ರಿಟ್ ಸಂಸ್ಥೆ ತಯಾರಿಸುವ ಗಾಮಾ ಚೇಂಬರ್ ಇಂಥ ಕೆಲಸಕ್ಕೆ ಬರುವ ಪೆಟ್ಟಿಗೆ. ಇಟ್ಟುಕೊಳ್ಳಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಕೋಬಾಲ್ಟ್-60ರ ಕಸುವು 5.27 ವರ್ಷಕ್ಕೆ ಅರ್ಧವಾಗುತ್ತದೆ, ತಿಂಗಳಿಗೆ ನೂರಕ್ಕೆ ಒಂದರಷ್ಟು ಇಳಿಕೆ. ಇವತ್ತು ಹತ್ತು ನಿಮಿಷ ಸಾಕಾಗುವ ತಂಡಕ್ಕೆ ಐದು ವರ್ಷದ ಮೇಲೆ ಇಪ್ಪತ್ತು ನಿಮಿಷದ ಹತ್ತಿರ ಬೇಕು. ಈ ಸಮಯದ ಪಟ್ಟಿ ತಿದ್ದುವುದು ಮರೆತರೆ ಜೊಳ್ಳು ಎಂದುಕೊಂಡು ಗಟ್ಟಿ ಗಂಡುಗಳನ್ನೇ ಹೊಲಕ್ಕೆ ಸುರಿದಂತಾಗುತ್ತದೆ. ವಿಕಿರಣ ತಾಗಿದ ಹುಳದಲ್ಲಿ ವಿಕಿರಣ ಉಳಿಯುವುದಿಲ್ಲ, ಎಕ್ಸ್‌ರೇ ತೆಗೆಸಿಕೊಂಡವರ ಮೈಯಲ್ಲಿ ಉಳಿಯದ ಹಾಗೆ.

ಎಷ್ಟು ಪ್ರಮಾಣ? ಹಣ್ಣಿನ ನೊಣಗಳಿಗೆ 100 ಗ್ರೇ (ಮೈಗೆ ತಾಗಿದ ವಿಕಿರಣದ ಅಳತೆ) ಆಚೀಚೆ ಸಾಕು. ಪತಂಗಗಳಿಗೆ 400 ಗ್ರೇವರೆಗೂ ಬೇಕಾಗಬಹುದು. ಮನುಷ್ಯನಿಗೆ ಇಡೀ ಮೈಗೆ 4–5 ಗ್ರೇ ತಾಗಿದರೆ ಜೀವಕ್ಕೇ ಅಪಾಯ. ಪತಂಗಕ್ಕೆ ಇಷ್ಟು ಗಟ್ಟಿತನ ಎಲ್ಲಿಂದ? ತೊಗರಿ ಗಿಡವನ್ನೂ ಕಬ್ಬನ್ನೂ ಹೋಲಿಸಿದರೆ ತಿಳಿಯುತ್ತದೆ. ತೊಗರಿಯ ಟೊಂಗೆ ಮುರಿದು ಮಣ್ಣಿಗೆ ಹಾಕಿದರೆ ಒಣಗುತ್ತದೆ, ಬೇರಿರುವ ಭಾಗವಷ್ಟೇ ಬದುಕುತ್ತದೆ. ಕಬ್ಬನ್ನು ತುಂಡು ಮಾಡಿದರೆ ಗಣ್ಣಿರುವ ಪ್ರತಿ ತುಂಡೂ ಚಿಗುರುತ್ತದೆ. ನೊಣದ ವರ್ಣತಂತು ತೊಗರಿಯಂತೆ. ಜೀವಕೋಶ ಒಡೆಯುವಾಗ ಅದನ್ನು ಎಳೆದೊಯ್ಯಲು ಹಿಡಿಕೆ ಒಂದೇ ಕಡೆ ಇರುತ್ತದೆ, ಮುರಿದರೆ ಹಿಡಿಕೆ ಇಲ್ಲದ ತುಂಡು ಕಳೆದುಹೋಗಿ ಭ್ರೂಣ ಸಾಯುತ್ತದೆ. ಪತಂಗದ ವರ್ಣತಂತುವಿಗೆ ಉದ್ದಕ್ಕೂ ಹಿಡಿಕೆ. ಮುರಿದ ತುಂಡುಗಳೂ ದಾಟಿಕೊಂಡು ಹೋಗುತ್ತವೆ.

ಆದರೆ ಈ ಗಟ್ಟಿತನದಲ್ಲೇ ಒಂದು ಅನುಕೂಲವೂ ಅಡಗಿದೆ. ಗಂಡು ಪತಂಗಕ್ಕೆ ಪೂರ್ತಿ ಜೊಳ್ಳಾಗದಷ್ಟು, 100 ಗ್ರೇ ಸುತ್ತಮುತ್ತ ಕೊಟ್ಟರೆ ಗಂಡು ಚುರುಕಾಗಿಯೇ ಉಳಿಯುತ್ತದೆ. ಅದರ ಕೆಲವು ಮಕ್ಕಳು ಹುಟ್ಟುತ್ತವೆ. ಆ ಮಕ್ಕಳಲ್ಲಿ ವರ್ಣತಂತುಗಳು ಹರಿದು ಅದಲುಬದಲಾಗಿ ಕೂಡಿಕೊಂಡಿರುವುದರಿಂದ ಅವು ಅಪ್ಪನಿಗಿಂತ ಹೆಚ್ಚು ಜೊಳ್ಳು. ಹೊಲದಲ್ಲೇ ಹುಟ್ಟಿ, ಹೊಲದ ಗಾಳಿ ತಿಂದ ಜೊಳ್ಳು. ಇದನ್ನು ವಂಶಕ್ಕಿಳಿಯುವ ಬಂಜೆತನ ಎನ್ನುತ್ತಾರೆ.

ಬಿಡುವ ಮುಂಚೆ ಗುಣ ಪರೀಕ್ಷೆ. ಹಣ್ಣಿನ ನೊಣಕ್ಕೆ ಮಾಡುವ ಹಾರಾಟದ ಪರೀಕ್ಷೆ ಸರಳ: 10 ಸೆಂಟಿಮೀಟರ್ ಎತ್ತರದ ಕರಿ ಕೊಳವೆ, ಒಳಗೋಡೆಗೆ ಪೌಡರ್ ಸವರಿದ್ದು. ತಳದಲ್ಲಿ 100 ಕೋಶ. ಪೌಡರಿನಿಂದಾಗಿ ನೊಣ ಗೋಡೆ ಹತ್ತಲಾರದು, ಹಾರಿಯೇ ಹೊರಬರಬೇಕು. ಕೊನೆಗೆ ಕೊಳವೆಯಲ್ಲಿ ಉಳಿದದ್ದನ್ನು ಎಣಿಸಿದರೆ ತಂಡದ ಯೋಗ್ಯತೆ ತಿಳಿಯುತ್ತದೆ. ಗುರುತು ಹಾಕುವ ಉಪಾಯವೂ ಚೆಂದ. ಕೋಶಕ್ಕೆ ಹೊಳೆಯುವ ಬಣ್ಣದ ಪುಡಿ ಸವರುತ್ತಾರೆ. ನೊಣ ಕೋಶ ಒಡೆಯುವಾಗ ಹಣೆಯಿಂದ ಒಂದು ಚೀಲ ಉಬ್ಬಿಸಿ ಮುಚ್ಚಳ ತಳ್ಳುತ್ತದೆ, ಆಮೇಲೆ ಚೀಲ ಒಳಕ್ಕೆ ಮಡಚಿಕೊಳ್ಳುತ್ತದೆ. ಮೈಯ ಪುಡಿಯನ್ನು ನೊಣ ಎಷ್ಟೇ ಉಜ್ಜಿ ತೆಗೆದರೂ ಹಣೆಯ ಮಡಿಕೆಯಲ್ಲಿ ಸಿಕ್ಕಿದ್ದು ಹಾಗೇ ಉಳಿದು, ನೇರಳಾತೀತ ದೀಪದ ಕೆಳಗೆ ಮಿಂಚುತ್ತದೆ. ಬಲೆಗೆ ಬಿದ್ದ ನೊಣ ನಮ್ಮದೋ ಹೊಲದ್ದೋ ಎಂದು ಹೀಗೆ ಬೇರ್ಪಡಿಸುತ್ತಾರೆ. ಗುಲಾಬಿ ಹುಳದ ಪತಂಗಕ್ಕಾದರೆ ಮರಿಯ ತಿನಿಸಿಗೇ ಕೆಂಪು ಬಣ್ಣ ಬೆರೆಸುತ್ತಾರೆ, ಪತಂಗವಾದ ಮೇಲೂ ಹೊಟ್ಟೆಯೊಳಗೆ ಕೆಂಪು ಉಳಿದಿರುತ್ತದೆ.

ಇಷ್ಟೆಲ್ಲ ಆದರೂ ಹೆಣ್ಣಿನ ಮನಸ್ಸು ಬೇರೆ ಇದೆ. ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಹಾಗಲ, ಸೌತೆ, ಕಲ್ಲಂಗಡಿ ಕೆಡಿಸುವ ನೊಣವನ್ನು ಸಾವಿರಾರು ಕೋಟಿ ಜೊಳ್ಳು ನೊಣ ಬಿಟ್ಟು 1993ಕ್ಕೆ ನಿರ್ಮೂಲ ಮಾಡಿದರು. ನಮ್ಮ ಹಾಗಲ, ಹೀರೆ ತೋಟಗಳಲ್ಲೂ ಅದೇ ನೊಣ. ಕೆಲಸ ನಡೆಯುವಾಗ ಅಲ್ಲಿ ಕಂಡದ್ದೇನೆಂದರೆ, ಕಾರ್ಖಾನೆಯ ಗಂಡನ್ನು ಒಲ್ಲೆ ಎನ್ನುವ ಹೆಣ್ಣುಗಳು ಹೆಚ್ಚುತ್ತ ಬಂದವು. ಆರಿಸಿ ಕೂಡುವ ಹೆಣ್ಣಿಗೆ ಮಾತ್ರ ಮಕ್ಕಳಾಗುತ್ತಿದ್ದಾಗ ಅಂಥ ಗುಣವೇ ಮುಂದುವರಿಯುವುದು ಸಹಜ. ಇದಕ್ಕೆ ಮದ್ದು, ಆಗಾಗ ಹೊಲದ ನೊಣ ತಂದು ಕಾರ್ಖಾನೆಯ ತಳಿಗೆ ಕೂಡಿಸುವುದು.

ಅರಿಜೋನಾದಲ್ಲಿ ಗೆದ್ದದ್ದು, ಶಹಾಪುರದಲ್ಲಿ ತಡೆಯುವುದು

ಗುಲಾಬಿ ಹುಳ ಈ ಉಪಾಯಕ್ಕೆ ಹೇಳಿ ಮಾಡಿಸಿದಂಥದ್ದು. ಬೆಂಡೆ, ದಾಸವಾಳದಂಥ ಹತ್ತಿಯ ನೆಂಟ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕರೂ ಅದರ ಜೀವನ ಹತ್ತಿಯಲ್ಲೇ. ಹತ್ತಿ ಎಲ್ಲಿದೆಯೋ ಅಷ್ಟೇ ಕಾಯ್ದರೆ ಸಾಕು. ಅಮೆರಿಕದ ಅರಿಜೋನಾದಲ್ಲಿ 2006ರಿಂದ ಬಿಟಿ ಹತ್ತಿ (ಹುಳ ಸಾಯಿಸುವ ವಿಷವನ್ನು ಗಿಡವೇ ತಯಾರಿಸುವ ಕುಲಾಂತರಿ ಹತ್ತಿ), ಜೊಳ್ಳು ಪತಂಗ, ಹೆಣ್ಣು ಪತಂಗದ ವಾಸನೆಯ ಮೋಹಕ ದ್ರವ್ಯ, ಹೊಲ ಸ್ವಚ್ಛ ಮಾಡುವುದು ಎಲ್ಲವನ್ನೂ ಒಂದೇ ಯೋಜನೆಯಲ್ಲಿ ಹೊಸೆದರು. ವಿಮಾನದಿಂದ ಬಿಟ್ಟ ಜೊಳ್ಳು ಪತಂಗ ಒಟ್ಟು 1000 ಕೋಟಿಗೂ ಹೆಚ್ಚು. 2018ರ ಅಕ್ಟೋಬರ್‌ನಲ್ಲಿ ಅಮೆರಿಕ ತನ್ನ ಹತ್ತಿ ಸೀಮೆಯಲ್ಲಿ ಗುಲಾಬಿ ಹುಳ ಇಲ್ಲವಾಯಿತು ಎಂದು ಘೋಷಿಸಿತು.

ಅಲ್ಲಿ ನಿಜವಾದ ಜಾಣತನ ಇದ್ದದ್ದು ಬಿಟಿ ಮತ್ತು ಜೊಳ್ಳಿನ ಜೋಡಿಯಲ್ಲಿ. ಬಿಟಿ ವಿಷ ತಿಂದೂ ಬದುಕುವ ಅಪರೂಪದ ಹುಳಕ್ಕೆ ಅಂಥದೇ ಜೋಡಿ ಸಿಕ್ಕರೆ ಮಕ್ಕಳಿಗೂ ವಿಷ ತಾಗದು. ಅದನ್ನು ತಪ್ಪಿಸಲು ಬಿಟಿ ಅಲ್ಲದ ಹತ್ತಿಯ ಸಾಲುಗಳನ್ನು ಹಾಕಿ, ವಿಷಕ್ಕೆ ಸಾಯುವ ಜಾತಿಯ ಪತಂಗ ಬೆಳೆಯಲು ಬಿಡುವುದು ರೂಢಿ. ನಮ್ಮಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಬೇರೆ ಪೊಟ್ಟಣ ಬರುತ್ತಿದ್ದದ್ದು ಅದಕ್ಕೇ. ಅದನ್ನು ಬಿತ್ತಿದವರಿಗಿಂತ ಬದುವಿಗೆ ಎಸೆದವರೇ ಹೆಚ್ಚು. ಅರಿಜೋನಾದಲ್ಲಿ ಆ ಸಾಲುಗಳ ಕೆಲಸವನ್ನು ಜೊಳ್ಳು ಪತಂಗಕ್ಕೆ ವಹಿಸಿದರು. ವಿಷಕ್ಕೆ ಬದುಕಿದ ಒಂಟಿ ಹೆಣ್ಣಿನ ಸುತ್ತ ಸಿಗುವುದೆಲ್ಲ ಜೊಳ್ಳು ಗಂಡೇ. ಅಲ್ಲಿಗೆ ಆ ಗುಣದ ವಂಶ ನಿಂತಿತು.

ನಮ್ಮಲ್ಲಿ ಆ ಬಾಗಿಲು ಈಗಾಗಲೇ ಮುಚ್ಚಿದೆ. ಮೊದಲ ಬಿಟಿ ಹತ್ತಿ 2002ರಲ್ಲಿ ಬಂತು, ಎರಡು ವಿಷದ ಬಿಟಿ 2006ರಲ್ಲಿ. ಎರಡನ್ನೂ ಗುಲಾಬಿ ಹುಳ ಅರಗಿಸಿಕೊಂಡಿದೆ. ಹೈಬ್ರಿಡ್ ಬೀಜದ ಪಾಲೂ ಇದರಲ್ಲಿದೆ. ಅಮೆರಿಕದಲ್ಲಿ ಬಿತ್ತುವುದು ತಳಿ ಬೀಜ, ಕಾಯಿಯ ಎಲ್ಲ ಕಾಳಿನಲ್ಲೂ ಬಿಟಿ ಗುಣ ಒಂದೇ ಸಮ. ನಮ್ಮ ಹೈಬ್ರಿಡ್ ಗಿಡದ ಒಂದೇ ಕಾಯಿಯಲ್ಲಿ ಕೆಲವು ಕಾಳಿಗೆ ಎರಡೂ ವಿಷ, ಕೆಲವಕ್ಕೆ ಒಂದೇ, ಕೆಲವಕ್ಕೆ ಒಂದೂ ಇಲ್ಲ. ಕಾಳಿಂದ ಕಾಳಿಗೆ ದಾಟುವ ಹುಳ ಅರೆಬರೆ ವಿಷ ತಿಂದು ಪಳಗುತ್ತದೆ.

ಈಗ ಲೆಕ್ಕ ನೋಡಿ. ಶಹಾಪುರ-ಸುರಪುರ ಸೀಮೆಯಲ್ಲಿ ಒಂದು ಲಕ್ಷ ಎಕರೆ ಹತ್ತಿ, ಎಕರೆಗೆ 200 ಗಂಡು ಪತಂಗ ಎಂದು ಉದಾಹರಣೆಗೆ ಹಿಡಿಯೋಣ. ಒಂದಕ್ಕೆ ಹತ್ತರಂತೆ ಎಕರೆಗೆ 2000 ಜೊಳ್ಳು ಬೇಕು, ಸಲಕ್ಕೆ 20 ಕೋಟಿ. ಬಿಟ್ಟ ಪತಂಗ ಹೆಚ್ಚು ದಿನ ಬಾಳದು, ವಾರಕ್ಕೆ ಎರಡು ಸಲ ಬಿಡಬೇಕು. ಇಪ್ಪತ್ತು ವಾರಕ್ಕೆ 800 ಕೋಟಿ. ಅರಿಜೋನಾ ಯೋಜನೆ ಹಲವು ವರ್ಷ ಬಿಟ್ಟ ಮೊತ್ತದ ಹತ್ತಿರ ಹತ್ತಿರ ಒಂದೇ ಹಂಗಾಮಿಗೆ, ಎರಡು ತಾಲ್ಲೂಕಿಗೆ. ಅದೇ ಪತಂಗವನ್ನು ಬೇರೆ ದಾರಿಯಿಂದ ಎಕರೆಗೆ 10ಕ್ಕೆ ಇಳಿಸಿದ್ದರೆ ಹಂಗಾಮಿಗೆ 40 ಕೋಟಿ ಸಾಕು. ಜೊಳ್ಳು ಗಂಡು ಕೊನೆಯ ಏಟಿಗೆ ಮಾತ್ರ ಬರುವ ಆಯುಧ. ಹುಳ ತುಂಬಿ ತುಳುಕುವಾಗ ಬಿಟ್ಟರೆ ಹೊಳೆಗೆ ಹುಳಿ ಹಿಂಡಿದಂತೆ.

ಇನ್ನೊಂದು ತೊಡಕನ್ನು ಜನ ಮೊದಲು ಯೋಚಿಸುವುದಿಲ್ಲ. ಜೊಳ್ಳು ಬಿಟ್ಟ ಸೀಮೆಯಲ್ಲಿ ಒಬ್ಬ ರೈತ ಎಣ್ಣಿ ಹೊಡೆದರೆ ಮೊದಲು ಸಾಯುವುದು ಆ ದುಬಾರಿ ಪತಂಗಗಳೇ. ಎಕರೆಗೆ ಹತ್ತಿಪ್ಪತ್ತು ಮೋಹಕ ಬಲೆ ಕಟ್ಟಿ ಗಂಡು ಹಿಡಿಯುವ ಪದ್ಧತಿಯೂ ಇದರ ಜೊತೆ ನಡೆಯದು. ಬಲೆಗೆ ಬೀಳುವುದು ನೀವೇ ಬಿಟ್ಟ ಗಂಡು.

ತೊಗರಿ ಕೀಡಿ

ಕಲಬುರಗಿಯವರು ಇಷ್ಟು ಓದಿದ ಮೇಲೆ ಕೇಳುವ ಪ್ರಶ್ನೆ ಒಂದೇ: ತೊಗರಿಗೆ ಯಾಕಾಗಬಾರದು? ಉತ್ತರ ಚಿಕ್ಕದು. ತೊಗರಿ ಕಾಯಿ ಕೊರೆಯುವ ಹಸಿರು ಕೀಡಿ, ಅಂದರೆ ಹೆಲಿಕೋವರ್ಪಾ, ತೊಗರಿಯ ಸ್ವಂತದ್ದಲ್ಲ. ಕಡಲೆ, ಹತ್ತಿ, ಟೊಮೆಟೊ, ಸೂರ್ಯಕಾಂತಿ, ಜೋಳದ ತೆನೆ, ಬದುವಿನ ಕಳೆ, ಎಲ್ಲವೂ ಅದಕ್ಕೆ ಊಟ. ಪತಂಗ ಗಾಳಿ ಹಿಡಿದು ನೂರಾರು ಕಿಲೋಮೀಟರ್ ಹೋಗಬಲ್ಲದು. ಮೇಲೆ ಹೇಳಿದ 'ಪಕ್ಕದ ಹೊಲದ 200 ಹೆಣ್ಣು' ಇದಕ್ಕೆ ಲಾತೂರಿನಿಂದಲೂ ಬರಬಹುದು, ತೆಲಂಗಾಣದಿಂದಲೂ ಬರಬಹುದು. ಇಂಥದ್ದಕ್ಕೆ ಜೊಳ್ಳು ಗಂಡು ಬಿಡುವುದೆಂದರೆ ಬೀದರ್‌ನಿಂದ ರಾಯಚೂರಿನವರೆಗೆ ಬಿಡಬೇಕು, ಆಗಲೂ ಸಾಲದು. ತೊಗರಿಗೆ ಹೂ ಬಂದಾಗಿನಿಂದ ಗಿಡ ನೋಡುವುದು, ಮೊಟ್ಟೆ-ಎಳೆ ಮರಿ ಹಂತದಲ್ಲೇ ಬೇವು ಅಥವಾ ಕೀಡಿಗೆ ರೋಗ ತರುವ ಎನ್‌ಪಿವಿ ನಂಜಾಣು ಹೊಡೆಯುವುದು, ಬೆಳೆದ ಕೀಡಿಯನ್ನು ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿ ಬೀಳಿಸುವುದು, ನಮ್ಮ ಸೀಮೆಗೆ ಇವೇ ಗಟ್ಟಿ.

ಕುಲಾಂತರಿ ಹುಳ ಬೇರೆ ಏನು ಮಾಡುತ್ತದೆ

ವಿಕಿರಣ ಕುರುಡು ಪೆಟ್ಟು. ಎಲ್ಲಿ ತಾಗುತ್ತದೋ ಅಲ್ಲಿ ಮುರಿಯುತ್ತದೆ. ಕುಲಾಂತರಿಯಲ್ಲಿ ಒಂದೇ ಜೀನ್ ಕೂಡಿಸುತ್ತಾರೆ. ಬ್ರಿಟನ್ನಿನ ಆಕ್ಸಿಟೆಕ್ ಕಂಪನಿ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೂಡಿಸಿದ ಜೀನ್ ಹೀಗೆ ಕೆಲಸ ಮಾಡುತ್ತದೆ: ಅದು ಒಂದು ಪ್ರೋಟೀನ್ ತಯಾರಿಸುತ್ತದೆ, ಆ ಪ್ರೋಟೀನ್ ತನ್ನದೇ ಜೀನನ್ನು ಇನ್ನಷ್ಟು ಜೋರಾಗಿ ಓಡಿಸುತ್ತದೆ, ಕೊನೆಗೆ ಜೀವಕೋಶ ಆ ಭಾರಕ್ಕೇ ಕುಸಿಯುತ್ತದೆ. ಟೆಟ್ರಾಸೈಕ್ಲಿನ್ ಎಂಬ ಔಷಧ ಇದ್ದರೆ ಅದು ಪ್ರೋಟೀನಿಗೆ ಅಂಟಿ ಓಟ ನಿಲ್ಲಿಸುತ್ತದೆ. ಕಾರ್ಖಾನೆಯ ನೀರಿಗೆ ಟೆಟ್ರಾಸೈಕ್ಲಿನ್ ಹಾಕಿ ಬೆಳೆಸುತ್ತಾರೆ, ಹೊರಗೆ ಬಿಟ್ಟ ಗಂಡಿನ ಮಕ್ಕಳಿಗೆ ಅದು ಸಿಗದೆ ಬೆಳೆಯುವ ಹಂತದಲ್ಲಿ ಸಾಯುತ್ತವೆ.

ಸಾವು ತಡವಾಗಿ ಬರುವುದು ಬೇಕೆಂದೇ ಮಾಡಿದ್ದು. ವಿಕಿರಣದ ಗಂಡಿನ ಮೊಟ್ಟೆ ಒಡೆಯುವುದೇ ಇಲ್ಲ, ಆಗ ಡ್ರಮ್ಮಿನ ನೀರಲ್ಲಿ ಉಳಿದ ಗಟ್ಟಿ ಮರಿಗಳಿಗೆ ತಿನಿಸು ಧಾರಾಳ. ತಡವಾಗಿ ಸಾಯುವ ಮರಿಗಳು ಅಷ್ಟು ದಿನ ಅದೇ ತಿನಿಸಿಗೆ ಪೈಪೋಟಿ ಮಾಡಿ ಸಾಯುತ್ತವೆ. ಆದರೆ ಬೆಳೆಯ ಹುಳಕ್ಕೆ ಇದೇ ಗುಣ ತಿರುಗುಬಾಣ. ಕಾಯಿ ತಿಂದು ಮುಗಿಸಿ ಸತ್ತರೆ ರೈತನಿಗೇನು ಲಾಭ? ಯಾವ ಹುಳಕ್ಕೆ ಯಾವ ಹಂತದ ಸಾವು ಎನ್ನುವುದನ್ನು ಮೊದಲೇ ಗೊತ್ತು ಮಾಡಬೇಕು.

ತೊಂದರೆಯೂ ಇದೆ. ಆ ಮೊದಲ ತಳಿಯಲ್ಲಿ ಟೆಟ್ರಾಸೈಕ್ಲಿನ್ ಇಲ್ಲದೆಯೂ ನೂರಕ್ಕೆ ಮೂರ್ನಾಲ್ಕು ಮರಿ ಬದುಕುತ್ತಿದ್ದವು. ಕೋಳಿ ಫಾರಂ, ದನದ ಕೊಟ್ಟಿಗೆಯ ನೀರಲ್ಲಿ ಆ ಔಷಧ ಸೇರಿದರೆ ಇನ್ನೂ ಹೆಚ್ಚು ಬದುಕಬಹುದು ಎನ್ನುವುದು ವಾಜಬಿ ಅಂಜಿಕೆ. ಮುಂದಿನ ತಳಿಯಲ್ಲಿ ಹೆಣ್ಣು ಮಕ್ಕಳು ಮಾತ್ರ ಸಾಯುತ್ತವೆ, ಗಂಡು ಬದುಕಿ ಆ ಜೀನನ್ನು ಕೆಲವು ಪೀಳಿಗೆ ಸಾಗಿಸುತ್ತದೆ. 2021ರಲ್ಲಿ ಫ್ಲೋರಿಡಾದಲ್ಲಿ ಬಿಟ್ಟದ್ದು ಇದೇ. ಹೀಗೆ ಮಾಡಿದರೆ ಗಂಡು-ಹೆಣ್ಣು ಬೇರ್ಪಡಿಸುವ ಕಷ್ಟವೂ ತಪ್ಪುತ್ತದೆ. ಸೊಳ್ಳೆಯಲ್ಲಿ ಅದು ಮುಖ್ಯ, ಯಾಕೆಂದರೆ ಕಚ್ಚುವುದು ಹೆಣ್ಣು ಮಾತ್ರ. ಪತ್ತೆ ಹಚ್ಚುವಲ್ಲಿ ತಪ್ಪಿ ಹೆಣ್ಣು ಬಿಟ್ಟರೆ ಊರಿಗೆ ಸೊಳ್ಳೆ ದಾನ ಮಾಡಿದಂತೆ.

ಈ ಸೊಳ್ಳೆಯ ನಮಗೆ ಹತ್ತಿರದ ಪ್ರಯೋಗ ನಡೆದದ್ದು ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ದಾವಲವಾಡಿಯಲ್ಲಿ, 2017ರಲ್ಲಿ, ಬಲೆ ಕಟ್ಟಿದ ಪಂಜರದೊಳಗೆ. 1956ರವರೆಗೆ ಜಾಲ್ನಾವೂ ನಮ್ಮ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಕುಲಾಂತರಿ ಹುಳಕ್ಕೆ 1989ರ ನಿಯಮಗಳು ಅನ್ವಯಿಸುತ್ತವೆ, ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿಯ ಒಪ್ಪಿಗೆ ಬೇಕು. ಕುಲಾಂತರಿ ಕೀಟಗಳಿಗೆಂದೇ ಜೈವಿಕ ತಂತ್ರಜ್ಞಾನ ಇಲಾಖೆ 2023ರಲ್ಲಿ ಮಾರ್ಗಸೂಚಿ ತಂದಿದೆ. ಬರೀ ವಿಕಿರಣ ತಾಗಿದ ಹುಳ ಕುಲಾಂತರಿ ಅಲ್ಲ.

ಸೊಳ್ಳೆಯ ವಿಷಯದಲ್ಲಿ ನಮ್ಮ ದೇಶ ಹೊಸಬನೂ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗದ ಜಿಲ್ಲೆಗಳು, ಅದನ್ನು ಹರಡುವುದು ಗಟಾರದ ಕ್ಯೂಲೆಕ್ಸ್ ಸೊಳ್ಳೆ. 1970ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ದಿಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಥಯೋಟೆಪಾ ಎಂಬ ರಾಸಾಯನಿಕದಿಂದ ಜೊಳ್ಳಾಗಿಸಿದ ಕ್ಯೂಲೆಕ್ಸ್ ಗಂಡು ಬಿಟ್ಟವು. ಗಂಡುಗಳು ಕೂಡಿದವು, ಆದರೆ ಆಚೆ ಊರಿಂದ ಕೂಡಿಯೇ ಬಂದ ಹೆಣ್ಣುಗಳು ಲೆಕ್ಕ ಕೆಡಿಸಿದವು. ಸೋನಿಪತ್‌ನಲ್ಲಿ ಈಡಿಸ್ ಬಿಡುವ ತಯಾರಿ ನಡೆದಿತ್ತು. ವಿದೇಶಿ ದುಡ್ಡಿನಲ್ಲಿ ಜೈವಿಕ ಯುದ್ಧದ ಪ್ರಯೋಗ ಎಂದು ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಗದ್ದಲವೆದ್ದು 1975ರಲ್ಲಿ ಎಲ್ಲ ನಿಂತಿತು. ಈಗ ಪುದುಚೇರಿಯ ಐಸಿಎಂಆರ್ ಕೇಂದ್ರ 2022ರಲ್ಲಿ ಪ್ರಕಟಿಸಿದ್ದು ಬೇರೆ ದಾರಿ: ವೊಲ್ಬಾಕಿಯಾ ಎಂಬ ಸೂಕ್ಷ್ಮಾಣು ಹೊತ್ತ ಈಡಿಸ್ ತಳಿ. ಅದರಲ್ಲಿ ಸೊಳ್ಳೆ ಸಾಯುವುದಿಲ್ಲ, ಸೊಳ್ಳೆಯೊಳಗೆ ಡೆಂಗಿ ವೈರಾಣು ಬೆಳೆಯುವುದಿಲ್ಲ. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಇದರಿಂದ ಡೆಂಗಿ ಪ್ರಕರಣ ನೂರಕ್ಕೆ 77ರಷ್ಟು ಇಳಿದದ್ದು ವರದಿಯಾಗಿದೆ.

ಈಡಿಸ್ ದೂರ ಹಾರುವ ಸೊಳ್ಳೆಯಲ್ಲ, ಹುಟ್ಟಿದ ಓಣಿಯ ಆಸುಪಾಸಿನಲ್ಲೇ ಸುತ್ತುತ್ತದೆ. ಸುತ್ತ ಹೊಲವಿರುವ ಊರು ಅದರ ಪಾಲಿಗೆ ದ್ವೀಪವೇ. ಹೀಗಾಗಿ ನಮ್ಮ ಮೂರು ಜಿಲ್ಲೆಯಲ್ಲಿ ಮೊದಲು ಒಗ್ಗಬಹುದಾದದ್ದು ಬೆಳೆಯ ಹುಳಕ್ಕಿಂತ ಊರಿನ ಸೊಳ್ಳೆಗೇ. ಆದರೆ ಒಣ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ, ಲಾರಿಯ ಹಳೆ ಟೈರಿನಲ್ಲಿ ಊರಿಂದ ಊರಿಗೆ ಬರುತ್ತದೆ. ನಳದ ನೀರಿಗೆ ಕಾಯ್ದು ಹರವಿ, ಡ್ರಮ್ಮು ತುಂಬಿಡುವ ಓಣಿಯಲ್ಲಿ ಮುಚ್ಚಳ ಹಾಕದೆ ಜೊಳ್ಳು ಗಂಡು ತರಿಸಿದರೆ ಅದೇ ಹಳೇ ಕಥೆ, 1000ಕ್ಕೆ 9000 ಸಾಲುವುದಿಲ್ಲ.

ಹತ್ತಿಗೆ ಬಂದರೆ, ಕಾರ್ಖಾನೆ ಬರುವ ತನಕ ಕಾಯದೆ ಎಕರೆಗೆ 200 ಇದ್ದದ್ದನ್ನು 10ಕ್ಕೆ ಇಳಿಸುವ ಕೆಲಸ ಈಗಲೇ ಇದೆ. ಎಕರೆಗೆ ಎರಡು ಮೋಹಕ ಬಲೆ ಕಟ್ಟಿ ರಾತ್ರಿಗೆ ಎಷ್ಟು ಬಿದ್ದವು ಎಂದು ಎಣಿಸುವುದು. ಮೂರು ರಾತ್ರಿ ಸತತ ಬಲೆಗೆ ಎಂಟರಂತೆ ಬಿದ್ದರೆ ಕ್ರಮಕ್ಕೆ ಹೊತ್ತಾಯಿತು. ಬಲೆಯೊಳಗಿನ ಲೂರ್ (ಗಂಡನ್ನು ಸೆಳೆಯುವ ವಾಸನೆಯ ತುಣುಕು) ಹಳತಾಗಿದ್ದರೆ ಬಲೆ ಖಾಲಿ ಇರುತ್ತದೆ, ಹುಳ ಇಲ್ಲವೆಂದು ಮೋಸ ಹೋಗಬಾರದು. ಡಿಸೆಂಬರ್‌ಗೆ ಬೆಳೆ ಮುಗಿಸುವುದು ಎಲ್ಲಕ್ಕಿಂತ ಕಷ್ಟ. ನಾರಾಯಣಪುರ ಕಾಲುವೆಯ ನೀರಿರುವ ಕಡೆ ಇನ್ನೆರಡು ಬಿಡಿಸು ಸಿಗುತ್ತದೆ ಎಂದು ಫೆಬ್ರುವರಿ ದಾಟಿಸುವುದು ರೂಢಿ, ಗುಲಾಬಿ ಹುಳ ಮುಂದಿನ ವರ್ಷಕ್ಕೆ ನಿದ್ದೆಗೆ ಹೋಗುವುದು ಆ ಕೊನೆಯ ಕಾಯಿಗಳಲ್ಲೇ. ಎರಡು ಬೀಜ ಕೂಡಿಸಿ ನೂಲಿನಿಂದ ಹೊಲಿದುಕೊಂಡು ನಡುವೆ ಮಲಗುತ್ತದೆ. ಜಿನ್ನಿಂಗ್ ಮಿಲ್ಲಿನ ಹತ್ತಿಕಾಳು ರಾಶಿಯಲ್ಲಿ ಜೋಡಿ ಬೀಜ ಸಿಕ್ಕರೆ ಬಿಡಿಸಿ ನೋಡಿ. ಹತ್ತಿ ಕಟಗಿಯನ್ನು ಒಲೆಗೆಂದು ಹೊಲದ ಮೂಲೆಯಲ್ಲಿ ಒಟ್ಟಿಟ್ಟರೆ ಅದರಲ್ಲಿ ಉಳಿದ ಕಾಯಿಗಳಿಂದ ಬೇಸಿಗೆ ಮಳೆ ಬಿದ್ದೊಡನೆ ಪತಂಗ ಏಳುತ್ತದೆ.

ಆಗ ಎದ್ದ ಪತಂಗಕ್ಕೆ ಹೊಲದಲ್ಲಿ ಹತ್ತಿ ಮೊಗ್ಗು ಇರದಿದ್ದರೆ ಅದು ವಂಶ ಬೆಳೆಸದೆ ಸಾಯುತ್ತದೆ. ಬಾವಿ ನೀರು ಕೊಟ್ಟು ಮೇ ತಿಂಗಳಲ್ಲೇ ಊರಿದ ನಾಲ್ಕು ಎಕರೆ ಇದ್ದರೆ ಅಲ್ಲಿ ಇಳಿಯುತ್ತದೆ, ಸುತ್ತಲಿನ ಹೊಲಗಳು ಮೊಗ್ಗಿಗೆ ಬರುವಷ್ಟರಲ್ಲಿ ಆ ನಾಲ್ಕು ಎಕರೆಯಿಂದ ಮೊದಲ ಪೀಳಿಗೆ ಹೊರಟಿರುತ್ತದೆ.